ನಡೆಯಲು ಜಾಗ ಕೊಡಿ



ಸಕ್ಕರೆ ಕಾಯಿಲೆಗೆ ದಿನಾ ಅರ್ಧ ಗಂಟೆ ನಡೆಯಿರಿ ಎನ್ನುತ್ತಾರೆ ಡಾಕ್ಟರು. ಎಲ್ಲಿ ಎಂದು ಮಾತ್ರ ಹೇಳುವುದಿಲ್ಲ. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರದಲ್ಲಿ ಅಗಲ ರಸ್ತೆ, ಸಾಲುಮರ, ಉದ್ಯಾನಗಳಿವೆ. ಅಲ್ಲಿ ವಯಸ್ಸಾದವರು ಬೆಳಿಗ್ಗೆ ಹೊರಗೆ ಕಾಲಿಡುತ್ತಾರೆ. ನಮ್ಮ ಬಿಟಿಎಂ ಲೇಔಟಿನ ಒಳರಸ್ತೆಗಳಲ್ಲಿ ಫುಟ್‌ಪಾತ್ ತುಂಬ ಪಿ.ಜಿ. (ಪೇಯಿಂಗ್ ಗೆಸ್ಟ್) ವಸತಿಗಳ ಬೈಕುಗಳು, ನಡುವೆ ಟ್ರಾನ್ಸ್‌ಫಾರ್ಮರ್, ಅದರಾಚೆ ಬಾಯ್ದೆರೆದ ಚಪ್ಪಡಿ. ಕಳೆದ ತಿಂಗಳು ಅದಕ್ಕೇ ಎಡವಿ ಬಿದ್ದೆ. ಮೂರು ವಾರ ವಾಕಿಂಗ್ ನಿಂತಿತು, ಸಕ್ಕರೆ ಏರಿತು. (ಔಷಧಿ ಅಂಗಡಿಯವರಿಗೆ ಲಾಭ.)

ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಸಂಬಂಧಪಟ್ಟವರು ಮತ್ತೊಂದು ಸಲ ಡಾಂಬರು ಹಾಕುವ ಮೊದಲು ಚಪ್ಪಡಿಗಳನ್ನು ಸರಿಪಡಿಸಿ, ಬೈಕು ಏರದಂತೆ ಅಡ್ಡಗಂಬ ನೆಡಲಿ ಎಂದು ವಿನಂತಿ.

– ಹಿರಿಯ ನಾಗರಿಕರೊಬ್ಬರು, ಬಿಟಿಎಂ ಲೇಔಟ್, ಬೆಂಗಳೂರು