ಮರಕ್ಕೆ ಸರ್ಟಿಫಿಕೇಟು, ಮನುಷ್ಯನಿಗೆ?



ಬನ್ನಂಜೆಯ ಅಂಗಡಿಯಲ್ಲಿ ಕೊಂಡ ನೋಟ್‌ಬುಕ್ಕಿನ ಬೆನ್ನು ನೋಡಿ. ಕೆಲವದರ ಮೇಲೆ ಎಫ್‌ಎಸ್‌ಸಿ ಅಂತ ಮರದ ಗುರುತಿರುತ್ತದೆ. ಕಾಡು ಹಾಳುಮಾಡದೆ ತಂದ ಮರದ ಕಾಗದ ಇದು ಅಂತ ಹೇಳಿಕೆ. 1993ರಲ್ಲಿ ಹುಟ್ಟಿದ ಸಂಸ್ಥೆ ಅದು. ಹೊರಗಿನ ತನಿಖೆಗಾರರು ಕಾಡು ನೋಡಿ ಐದು ವರ್ಷಕ್ಕೆ ಸರ್ಟಿಫಿಕೇಟು ಕೊಡುತ್ತಾರೆ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವೂ ಇಂಥದೇ ಯೋಜನೆ ತಂದಿತು.

ಕಾಡು ಉಳಿಯಲಿ, ನಮ್ಮ ತಕರಾರಿಲ್ಲ. ಆದರೆ ತನಿಖೆಗಾರನ ಫೀಸು ಕೊಡುವವನು ಯಾರು? ಸರ್ಟಿಫಿಕೇಟು ಬೇಕಾದವನೇ! ಕಾಡಿನ ಜನರ ಹಕ್ಕು ಕಾಯಬೇಕು ಅಂತ ಅವರ ನಿಯಮದಲ್ಲೂ ಇದೆ. ಫೀಸು ಕೊಡಲಾಗದ ಆ ಜನರನ್ನು ಕೇಳುವವರು ಯಾರು?

ನಮ್ಮ ಮೂಡಣಕ್ಕೆ, ಕಾರ್ಕಳದಾಚೆ, ಕುದುರೆಮುಖದ ಕಾಡು. 1987ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಮಲೆಕುಡಿಯರು ತಲೆತಲಾಂತರದಿಂದ ಬಾಳಿದ ಕಾಡು. ಈ ಸೀಮೆಯ ಕೊರಗರು ಕಾಡಬಳ್ಳಿ ತಂದು ಬುಟ್ಟಿ ಹೆಣೆದವರು. ಆ ಬುಟ್ಟಿಗೆ ಯಾವ ಸೀಲೂ ಬೀಳಲಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯಡಿ ಕಾಡಂಚಿನ ದಲಿತ ಹಕ್ಕು ಕೇಳಿದರೆ ಮೂರು ತಲೆಮಾರಿನ, ಅಂದರೆ 75 ವರ್ಷದ ಪುರಾವೆ ಕೊಡಬೇಕು. ಅಕ್ಷರ ಮುಟ್ಟಗೊಡದವರ ಮೊಮ್ಮಕ್ಕಳಲ್ಲಿ ಕಾಗದ ಎಲ್ಲಿಂದ ಬರಬೇಕು ಮಾರಾಯ್ರೆ?

ಆದರೆ ಅದೇ ಕಾಯ್ದೆಯ 5ನೇ ಕಲಮು ಕಾಡು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ಬರೆದುಕೊಂಡ ಹಿರಿಯರ ಹೇಳಿಕೆಯೂ ಒಂದು ಪುರಾವೆ ಅನ್ನುತ್ತದೆ 13ನೇ ನಿಯಮ. ಗ್ರಾಮಸಭೆಯ ಒಪ್ಪಿಗೆಯಿಲ್ಲದ ಸೀಲು ಸ್ವತಂತ್ರ ಸೀಲಲ್ಲ. ಇದನ್ನು ಗಟ್ಟಿಯಾಗಿ ಹೇಳೋಣ.

ರಜೆಗೆ ಊರಿಗೆ ಹೋದಾಗ ನೋಟ್‌ಬುಕ್ಕು ಒಯ್ಯಿರಿ. ಕೇರಿಯ ಅಜ್ಜ ಅಜ್ಜಿಯರ ಮಾತು ಬರೆದುಕೊಳ್ಳಿ, ಹೆಬ್ಬೆಟ್ಟು ಹಾಕಿಸಿಕೊಳ್ಳಿ.