ಟೆಂಟಿಗಿಂತ ಮೊದಲು ಶೌಚಾಲಯ

ಮಳೆಗಾಲ ಮುಗಿಯಿತೆಂದರೆ ಕರಾವಳಿಗೆ ಪ್ರವಾಸಿಗರ ಸುಗ್ಗಿ. ವಸತಿಗೃಹದ ಕೋಣೆ ಬಿಟ್ಟು ನೀರಿನ ದಂಡೆಯಲ್ಲಿ ಟೆಂಟ್ ಹಾಕಿ ರಾತ್ರಿ ಕಳೆಯುವ ಹವ್ಯಾಸ ಈಚೆಗೆ ಹೆಚ್ಚಿದೆ. ಗೋಕರ್ಣದ ಕಡಲ ತೀರದಲ್ಲಿ ಬಾಡಿಗೆ ಟೆಂಟುಗಳು ಹೊಸತೇನಲ್ಲ. ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ಸೌಪರ್ಣಿಕಾ ಹೊಳೆ ಇರುವ ಮರವಂತೆಗಾಗಲಿ, ವಾರಾಹಿಯ ದಂಡೆಯ ನಮ್ಮ ಹಟ್ಟಿಯಂಗಡಿಯಂಥ ಊರಿಗಾಗಲಿ ಇದು ಬಂದರೆ ಆಶ್ಚರ್ಯವಿಲ್ಲ.

ಬಯಲಿನಲ್ಲಿ ಒಂದು ರಾತ್ರಿ ಮಲಗುವುದು ಆರೋಗ್ಯಕ್ಕೆ ಕೆಟ್ಟದ್ದೇನೂ ಅಲ್ಲ. ಮಕ್ಕಳು ಮೊಬೈಲ್ ಬಿಟ್ಟು ನಕ್ಷತ್ರ ನೋಡಿದರೆ ಒಳ್ಳೆಯದೇ. ನನ್ನ ತಕರಾರು ಒಂದೇ: ಟೆಂಟಿನ ಜಾಹೀರಾತಿನಲ್ಲಿ ಕ್ಯಾಂಪ್‌ಫೈರ್, ಸಂಗೀತ, ಮೀನಿನ ಊಟ ಎಲ್ಲ ಇರುತ್ತದೆ, ಬೆಳಿಗ್ಗೆ ಎದ್ದವರು ಎಲ್ಲಿಗೆ ಹೋಗಬೇಕೆಂಬ ಮಾತು ಮಾತ್ರ ಇರುವುದಿಲ್ಲ.

ಸಣ್ಣ ಲೆಕ್ಕ ಹಾಕೋಣ. ನಲವತ್ತು ಟೆಂಟುಗಳು, ಒಂದೊಂದರಲ್ಲಿ ಮೂವರು ಎಂದರೆ 120 ಜನ. ತಲೆಗೆ ಕಾಲು ಕಿಲೋ ಹಿಡಿದರೂ ಒಂದು ದಿನಕ್ಕೆ 30 ಕಿಲೋ ಮಲ. ಅದೆಲ್ಲ ಹೋಗುವುದು ಹೊಯ್ಗೆಗೆ, ಪೊದೆಗೆ ಅಥವಾ ನೀರಿಗೆ. ‘ಹಿಂದಿನವರೂ ಹೊಳೆಯ ಕಡೆಗೇ ಹೋಗುತ್ತಿದ್ದರಲ್ಲ ಡಾಕ್ಟ್ರೇ’ ಎನ್ನುವವರಿದ್ದಾರೆ. ಹೋಗುತ್ತಿದ್ದರು, ವಾಂತಿಭೇದಿಗೆ ಬಲಿಯಾಗುತ್ತಲೂ ಇದ್ದರು. ಆಗ ಮನೆಗಳಾದರೂ ದೂರ ದೂರ ಇದ್ದವು. ಈಗ ಒಂದೇ ಗದ್ದೆಯಷ್ಟು ಜಾಗದಲ್ಲಿ ಪ್ರತಿ ಶನಿವಾರ ನೂರಾರು ಜನ ಸೇರುತ್ತಾರೆ.

ನಮ್ಮ ಮಣ್ಣಿನ ಗುಣವನ್ನೂ ನೆನಪಿಡಬೇಕು. ಕಡಲ ಬದಿಯ ಹೊಯ್ಗೆಯಲ್ಲೂ ರಂಧ್ರಗಳಿರುವ ಮುರಕಲ್ಲಿನಲ್ಲೂ ನೀರು ಸುಲಭವಾಗಿ ಇಳಿಯುತ್ತದೆ. ಆದ್ದರಿಂದಲೇ ಇಲ್ಲಿ ಮನೆಮನೆಗೂ ಬಾವಿ. ನೀರು ಇಳಿಯುವ ದಾರಿಯಲ್ಲೇ ರೋಗಾಣುವೂ ಇಳಿಯಬಲ್ಲದು.

ತಡವಾಗಿ ಬರುವ ರೋಗ

ಈ ತಪ್ಪು ಯಾರ ಕಣ್ಣಿಗೂ ಬೀಳದಿರಲು ಕಾರಣವಿದೆ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ದೇಹ ಹೊಕ್ಕ ಮೇಲೆ ರೋಗ ಕಾಣಿಸಿಕೊಳ್ಳಲು 15ರಿಂದ 50 ದಿನ, ಸರಾಸರಿ ನಾಲ್ಕು ವಾರ ಬೇಕು. ಟೈಫಾಯ್ಡ್‌ಗೆ ಸಾಮಾನ್ಯವಾಗಿ ಒಂದರಿಂದ ಮೂರು ವಾರ. ಡಿಸೆಂಬರ್ ರಜೆಯಲ್ಲಿ ಹೊಳೆದಂಡೆಯಲ್ಲಿದ್ದ ಹುಡುಗನ ಕಣ್ಣು ಹಳದಿಯಾಗುವುದು ಜನವರಿ ಕೊನೆಗೆ, ಬೆಂಗಳೂರಿನಲ್ಲಿ. ಅಷ್ಟರಲ್ಲಿ ಟೆಂಟ್ ಮರೆತುಹೋಗಿರುತ್ತದೆ. ಮೊನ್ನೆ ತಿಂದ ಪಾನಿಪೂರಿಯ ಮೇಲೆ ಅಪವಾದ ಬರುತ್ತದೆ. ಇತ್ತ ದಂಡೆಯ ಮನೆಯವರಿಗೆ ರೋಗ ಬಂದಾಗ ಬಂದವರೆಲ್ಲ ಊರು ಸೇರಿರುತ್ತಾರೆ.

ಇನ್ನೂ ಒಂದು ತೊಡಕು. ಕಾಮಾಲೆ ಕಾಣಿಸುವ ಎರಡು ವಾರ ಮೊದಲೇ ರೋಗಿಯ ಮಲದಲ್ಲಿ ವೈರಸ್ ಹೇರಳವಾಗಿರುತ್ತದೆ. ಚಿಕ್ಕ ಮಕ್ಕಳಲ್ಲಿ ಬಹುಪಾಲು ಮಂದಿಗೆ ಕಣ್ಣು ಹಳದಿಯಾಗುವುದೇ ಇಲ್ಲ. ಆದ್ದರಿಂದ ‘ನಮ್ಮ ಗುಂಪಿನಲ್ಲಿ ಎಲ್ಲರೂ ಆರೋಗ್ಯವಂತರು’ ಎಂಬ ಭರವಸೆಗೆ ಅರ್ಥವಿಲ್ಲ. ನೀರಿನಲ್ಲೂ ಮಣ್ಣಿನಲ್ಲೂ ಈ ವೈರಸ್ ತಿಂಗಳುಗಟ್ಟಲೆ ಬದುಕಬಲ್ಲದು. ಹೊಳೆಯ ಮರುವಾಯಿಯಂಥ ಚಿಪ್ಪುಜೀವಿಗಳು ನೀರನ್ನು ಸೋಸಿ ತಿನ್ನುವಾಗ ಅದನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಅರೆಬೆಂದದ್ದನ್ನು ತಿಂದರೆ ಅಪಾಯ.

ಏನು ಮಾಡಬೇಕು?

ಟೆಂಟ್ ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ನಾಲ್ಕಾರು ಯುವಕರಿಗೆ ಅದರಿಂದ ಸಂಪಾದನೆ ಇದೆ. ಆದರೆ ಶೌಚಾಲಯ, ಸಾಬೂನು, ಶುದ್ಧ ನೀರು ಮೂರೂ ಇಲ್ಲದ ಕಡೆ ಪಂಚಾಯತಿ ಒಂದು ಟೆಂಟಿಗೂ ಒಪ್ಪಿಗೆ ಕೊಡಬಾರದು. ಶೌಚಗುಂಡಿ ಬಾವಿಯಿಂದ ಕನಿಷ್ಠ 15 ಮೀಟರ್ ದೂರ, ಅದಕ್ಕಿಂತ ತಗ್ಗಿನಲ್ಲಿರಬೇಕು; ಹೊಯ್ಗೆ ನೆಲದಲ್ಲಿ ಇನ್ನೂ ದೂರವಿದ್ದಷ್ಟೂ ಒಳ್ಳೆಯದು. ಇದು ಆಗದ ಮಾತೇನಲ್ಲ. ಪಡುಬಿದ್ರಿ ಮತ್ತು ಕಾಸರಕೋಡು ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಾಗ ಶೌಚಾಲಯವೂ ನೀರಿನ ಪರೀಕ್ಷೆಯೂ ಅದರ ಷರತ್ತುಗಳಲ್ಲಿದ್ದವು.

ದಂಡೆಯ ಮನೆಯವರು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಲಿ. ಒಳ್ಳೆಯ ಪುಡಿಯಾದರೆ ಸಾವಿರ ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಸಾಕು. ಒಂದು ಗಂಟೆ ಬಿಟ್ಟು ನೀರು ಸೇದಬೇಕು. ಬಾವಿಯ ಅಳತೆ ತಿಳಿಯದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು ಕೇಳಿ.

ಹೋಗುವ ಕುಟುಂಬಗಳಿಗೆ ನಾಲ್ಕು ಮಾತು. ಮುಂಗಡ ಕೊಡುವ ಮುನ್ನ ‘ಎಷ್ಟು ಟೆಂಟಿಗೆ ಎಷ್ಟು ಶೌಚಾಲಯ?’ ಎಂದು ಕೇಳಿ. ಕುದಿಸಿದ ನೀರನ್ನೇ ಕುಡಿಯಿರಿ. ಚೆನ್ನಾಗಿ ಮರಳಿದ ಮೇಲೆ ಒಂದು ನಿಮಿಷ ಕುದಿದರೆ ಸಾಕು. ಸಾಬೂನು ಜೊತೆಗಿರಲಿ, ಸ್ಯಾನಿಟೈಸರ್ ಅದಕ್ಕೆ ಬದಲಿಯಲ್ಲ. ಚಳಿಯೆಂದು ಇದ್ದಿಲಿನ ಒಲೆಯನ್ನು ಟೆಂಟಿನೊಳಗೆ ಇಡಲೇಬೇಡಿ; ವಾಸನೆಯಿಲ್ಲದ ವಿಷಾನಿಲ ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಹಿಂತಿರುಗಿದ ಎರಡು ತಿಂಗಳೊಳಗೆ ಜ್ವರ, ವಾಕರಿಕೆ, ಹಸಿವಿಲ್ಲದಿರುವುದು, ಗಾಢ ಬಣ್ಣದ ಮೂತ್ರ ಕಂಡರೆ ವೈದ್ಯರಿಗೆ ಪ್ರವಾಸದ ವಿಷಯವನ್ನು ತಪ್ಪದೆ ಹೇಳಿ. ಹೆಪಟೈಟಿಸ್ ಎ ಮತ್ತು ಟೈಫಾಯ್ಡ್‌ಗೆ ಲಸಿಕೆಗಳಿವೆ. ಮಕ್ಕಳ ವೈದ್ಯರಲ್ಲಿ ವಿಚಾರಿಸಿ.

ಪ್ರವಾಸಿಗರಿಗೆ ಹೊಳೆ ಒಂದು ರಾತ್ರಿಯ ನೋಟ. ದಂಡೆಯವರಿಗೆ ಅದು ವರ್ಷವಿಡೀ ಬಾವಿಯ ಪಕ್ಕದ ನೀರು. ಕೇಳುವವರು ಹೆಚ್ಚಿದರೆ ಕಟ್ಟುವವರೂ ಹುಟ್ಟುತ್ತಾರೆ. ಆ ಪ್ರಶ್ನೆ ನಿಮ್ಮಿಂದಲೇ ಮೊದಲಾಗಲಿ.