ಮಗುವಿಗೆಂಥ ಗುಟ್ಟು ಎನ್ನುವವರಿಗೆ



‘ಓದುವ ಮಕ್ಕಳಿಗೆ ಗುಟ್ಟೆಂಥದು ಮೇಷ್ಟ್ರೇ? ಆಪ್ ಕೇಳಿದ್ದಕ್ಕೆಲ್ಲ ಒಪ್ಪಿಗೆ ಒತ್ತಿದರಾಯಿತು’ ಎನ್ನುವವರು ನಿಮ್ಮಲ್ಲೂ ಹಲವರಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ.

ಯಾರು ಬುತ್ತಿಯಿಲ್ಲದೆ ಬಂದಿದ್ದಾರೆ, ಯಾರ ಮನೆಯಲ್ಲಿ ರಾತ್ರಿ ಜಗಳವಾಗಿದೆ, ಭಾಗಾಕಾರವೆಂದರೆ ಯಾರ ಕೈ ನಡುಗುತ್ತದೆ ಎಂಬುದೆಲ್ಲ ತರಗತಿಯ ಮೇಷ್ಟ್ರಿಗೆ ತಿಳಿದೇ ಇರುತ್ತಿತ್ತು. ಹಾಜರಿ ಪುಸ್ತಕದಲ್ಲಿ ಅದಕ್ಕೆ ಅಂಕಣವಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಸ್ಲೇಟಿನ ಮೇಲಿನ ತಪ್ಪು ಲೆಕ್ಕ ಅಂಗೈಯಿಂದ ಒರೆಸಿದೊಡನೆ ಅಳಿಯುತ್ತಿತ್ತು. (ಅಂಗಿಯ ತುದಿಯಿಂದ ಒರೆಸಿ ಮನೆಯಲ್ಲಿ ಬೈಸಿಕೊಂಡವರೂ ಇದ್ದೀರಿ!) ಅಳಿಯುತ್ತದೆಂಬ ಧೈರ್ಯದಿಂದಲೇ ಮಗು ಮತ್ತೊಮ್ಮೆ ಬಳಪ ಹಿಡಿಯುತ್ತಿತ್ತು.

ಇಂದು ಮಗು ಯಾವ ಪ್ರಶ್ನೆಯಲ್ಲಿ ಎಷ್ಟು ಹೊತ್ತು ತಡವರಿಸಿತೆಂಬುದನ್ನೂ ಯಂತ್ರವು ಬರೆದಿಟ್ಟುಕೊಳ್ಳಬಲ್ಲದು. ಬರೆದಿಟ್ಟದ್ದು ಯಾರ ಕೈ ಸೇರುತ್ತದೆ? ಕೋವಿಡ್ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ 160ಕ್ಕೂ ಹೆಚ್ಚು ಕಲಿಕಾ ತಂತ್ರಾಂಶಗಳನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ಪರಿಶೀಲಿಸಿ, ನೂರಕ್ಕೆ 89ರಷ್ಟು ಮಕ್ಕಳ ಹಕ್ಕುಗಳಿಗೆ ಧಕ್ಕೆ ತರುವಂಥವು ಅಥವಾ ಅಪಾಯ ಒಡ್ಡುವಂಥವು ಎಂದು 2022ರ ಮೇ ತಿಂಗಳಲ್ಲಿ ವರದಿ ಮಾಡಿತು. ನಮ್ಮ ಕೇಂದ್ರ ಸರ್ಕಾರದ ‘ದೀಕ್ಷಾ’ದ ಕತೆ ಇನ್ನೂ ಖೇದಕರ. ಸುಮಾರು 6 ಲಕ್ಷ ವಿದ್ಯಾರ್ಥಿಗಳ ಹಾಗೂ 10 ಲಕ್ಷಕ್ಕೂ ಹೆಚ್ಚು ಶಿಕ್ಷಕರ ವಿವರಗಳು ಕಾವಲಿಲ್ಲದ ಸರ್ವರಿನಲ್ಲಿ ವರ್ಷಕ್ಕೂ ಮಿಗಿಲಾಗಿ ತೆರೆದು ಬಿದ್ದಿದ್ದವೆಂದು 2023ರ ಜನವರಿಯಲ್ಲಿ ‘ವೈರ್ಡ್’ ಪತ್ರಿಕೆ ಬಯಲುಮಾಡಿತು. ನಮ್ಮ ಕಾಲದಲ್ಲಿ ಒಂದು ಹಾಜರಿ ಪುಸ್ತಕ ಕಳೆದರೂ ಮೇಷ್ಟ್ರಿಗೆ ನೋಟೀಸು ಬರುತ್ತಿತ್ತು.

ಕಾನೂನಿಲ್ಲವೇ ಎನ್ನುವಿರಿ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ಸಾರಿತು. ಅರ್ಜಿದಾರರಾಗಿದ್ದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಜಾಡು ಹಿಡಿಯುವುದನ್ನು ನಿಷೇಧಿಸಿದೆ. ಆದರೆ 2025ರ ನವೆಂಬರಿನಲ್ಲಿ ಹೊರಬಂದ ನಿಯಮಗಳು, ಶೈಕ್ಷಣಿಕ ಚಟುವಟಿಕೆಗಾಗಿ ಅಥವಾ ಮಕ್ಕಳ ಸುರಕ್ಷತೆಗಾಗಿ ಎಂದಾದರೆ, ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ನೀಡಿವೆ. ‘ಶೈಕ್ಷಣಿಕ ಚಟುವಟಿಕೆ’ ಎಂಬ ಮಾತು ಎಷ್ಟು ದೂರ ಹಿಗ್ಗಬಲ್ಲದೆಂಬುದನ್ನು, ಸುತ್ತೋಲೆಗಳನ್ನು ಓದಿಯೇ ಮುದುಕನಾದ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕಳ್ಳನಿಗೆ ಬೀಗ ಹಾಕಿ, ಬೀಗದ ಕೈಯನ್ನು ಹೊಸ್ತಿಲ ಮೇಲೆಯೇ ಇಟ್ಟಂತಾಯಿತು.

ತಂತ್ರಜ್ಞಾನದ ಮೇಲೆ ನನಗೆ ಹಗೆಯಿಲ್ಲ. ಈ ಪುಟವನ್ನು ಅದರಿಂದಲೇ ಬರೆಯುತ್ತಿದ್ದೇನೆ. ಆದರೆ ನಿಮ್ಮ ಮಕ್ಕಳ ಶಾಲೆಯ ಮುಂದಿನ ಪೋಷಕರ ಸಭೆಯಲ್ಲಿ ಎದ್ದು ನಿಂತು ಕೇಳಿರಿ: ಮಗುವಿನ ಯಾವ ಯಾವ ವಿವರ ಪಡೆಯುತ್ತೀರಿ, ಯಾರ ವಶದಲ್ಲಿಡುತ್ತೀರಿ, ಎಂದು ಅಳಿಸುತ್ತೀರಿ? ಉತ್ತರವನ್ನು ಬರೆಹದಲ್ಲಿಯೇ ಕೇಳಿರಿ, ಬಾಯಿಮಾತಿನದು ಬೇಡ.